ಮುಳ್ಳು ಮೂಡಿದ ರಕ್ತಕಣ

ಯಕೃತ್ತಿನ ಬೇನೆ ಬಲಿತವರ ಮನೆಗಳಲ್ಲಿ ನಾವು ಆಗಾಗ ಒಂದು ಮಾತು ಕೇಳುತ್ತೇವೆ: "ಎರಡು ಬಾಟಲಿ ರಕ್ತ ಕೊಡಿಸಿದೆವು, ಮತ್ತೆ ಬಿಳಿಚಿಕೊಂಡರು. ಕೊಟ್ಟ ರಕ್ತವೆಲ್ಲ ಎಲ್ಲಿ ಹೋಯಿತು?" ಇಂಥ ರೋಗಿಗಳಲ್ಲಿ ಕೆಲವರ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ದೊರೆತದ್ದು 1969ರಲ್ಲಿ. ಆ ಕಥೆಯನ್ನು ನಾವೆಲ್ಲ ತಿಳಿದಿರುವುದು ಒಳ್ಳೆಯದು.

ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1674ರಲ್ಲಿ ತಾನೇ ಮಾಡಿಕೊಂಡ ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳನ್ನು ಕಂಡು ವರ್ಣಿಸಿದ. ನಡುವೆ ತಗ್ಗಾದ ಬಿಲ್ಲೆಯಂಥ ಈ ಕಣದ ಆಯುಸ್ಸು ಸುಮಾರು 120 ದಿನ. ಸ್ಟೆತಾಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್, ಗಟ್ಟಿಯಾಗಿ ಗಂಟುಗಟ್ಟಿದ ಯಕೃತ್ತಿಗೆ 1819ರಲ್ಲಿ 'ಸಿರೋಸಿಸ್' ಎಂದು ಹೆಸರಿಟ್ಟ. ಆದರೆ ಕೆಟ್ಟ ಯಕೃತ್ತು ರಕ್ತಕಣದ ಆಕಾರವನ್ನೇ ಕೆಡಿಸಬಲ್ಲುದೆಂಬುದು ಬಹುಕಾಲ ತಿಳಿಯಲಿಲ್ಲ.

1950ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಬ್ಯಾಸೆನ್ ಮತ್ತು ಕಾರ್ನ್‌ಜ್ವೈಗ್, ಹುಟ್ಟಿನಿಂದ ಬಂದ ಅಪರೂಪದ ರೋಗವಿದ್ದ ಯುವತಿಯೊಬ್ಬಳ ರಕ್ತದಲ್ಲಿ ಮುಳ್ಳುಮುಳ್ಳಾದ ಕಣಗಳನ್ನು ಕಂಡರು. ಗ್ರೀಕ್ ಭಾಷೆಯ ಮುಳ್ಳಿನ ಪದದಿಂದಲೇ ಇವಕ್ಕೆ 'ಅಕಾಂತೋಸೈಟ್' ಎಂಬ ಹೆಸರು ಬಂತು. 1964ರಲ್ಲಿ ಅಮೆರಿಕದ ಸ್ಮಿತ್ ಮತ್ತು ಸಂಗಡಿಗರು, ಕುಡಿತದಿಂದ ಸಿರೋಸಿಸ್ ತಗಲಿದವರ ರಕ್ತದಲ್ಲೂ ಇಂಥವೇ ಕಣಗಳಿವೆಯೆಂದೂ ಜೊತೆಗೆ ತೀವ್ರ ರಕ್ತಹೀನತೆಯಿದೆಯೆಂದೂ ವರದಿ ಮಾಡಿದರು. 'ಸ್ಪರ್ ಸೆಲ್ ಅನೀಮಿಯಾ' ಎಂಬ ಹೆಸರು ಆಗಿನದು.

ಇಲ್ಲಿ ದೋಷ ಯಾವುದರದು? ಕಣದ್ದೇ, ಅಥವಾ ಅದು ತೇಲುವ ರಸದ್ದೇ? 1969ರಲ್ಲಿ ಅಮೆರಿಕದ ಕೂಪರ್ ಇದನ್ನು ಬಗೆಹರಿಸಿದರು. ಆರೋಗ್ಯವಂತರ ರಕ್ತಕಣಗಳನ್ನು ರೋಗಿಯ ರಕ್ತರಸದಲ್ಲಿ ಇಟ್ಟಾಗ ಅವೂ ಕೆಟ್ಟವು. ಯಕೃತ್ತು ಸೋತಾಗ ರಕ್ತರಸದ ಕೊಬ್ಬಿನ ಹದ ತಪ್ಪುತ್ತದೆ. ಹೆಚ್ಚಾದ ಕೊಲೆಸ್ಟರಾಲ್ ಕಣದ ಪೊರೆಗೆ ಸೇರಿ ಅದನ್ನು ಬಿರುಸಾಗಿಸುತ್ತದೆ. ಅಂಥ ಕಣ ಗುಲ್ಮದ ಇಕ್ಕಟ್ಟಾದ ದಾರಿಗಳಲ್ಲಿ ಮತ್ತೆ ಮತ್ತೆ ನುಸುಳುವಾಗ ಪೊರೆ ಕಳೆದುಕೊಂಡು ಮುಳ್ಳಾಗುತ್ತದೆ, ಕೊನೆಗೆ ಅಲ್ಲೇ ನಾಶವಾಗುತ್ತದೆ. ಹೊರಗಿನಿಂದ ಕೊಟ್ಟ ಒಳ್ಳೆಯ ರಕ್ತಕ್ಕೂ ಇದೇ ಗತಿ. ಕೊಳೆತ ಕೆರೆಗೆ ಹೊಸ ಮೀನು ಬಿಟ್ಟ ಹಾಗೆ.

ಆದುದರಿಂದ ರಕ್ತ ಕೊಡುವುದು ತಾತ್ಕಾಲಿಕ ಆಸರೆಯೇ ಹೊರತು ಚಿಕಿತ್ಸೆಯಲ್ಲ. 1963ರಲ್ಲಿ ಡೆನ್ವರ್‌ನಲ್ಲಿ ಸ್ಟಾರ್ಜ್ಲ್ ಆರಂಭಿಸಿದ ಯಕೃತ್ತಿನ ಕಸಿ ಮುಂದೆ ಕೈಗೂಡಿದ ಬಳಿಕ ಈ ಮಾತಿಗೆ ಪುರಾವೆಯೂ ದೊರೆಯಿತು: ಹೊಸ ಯಕೃತ್ತು ಹಿಡಿದುಕೊಂಡ ರೋಗಿಗಳಲ್ಲಿ ಮುಳ್ಳುಕಣಗಳು ಮಾಯವಾದವು. ನಮ್ಮ ದೇಶದಲ್ಲಿ ಈ ಕಸಿ ಮೊದಲು ಯಶಸ್ವಿಯಾದದ್ದು 1998ರಲ್ಲಿ, ದೆಹಲಿಯಲ್ಲಿ.

ಯಕೃತ್ತಿನ ರೋಗಿಗಳ ರಕ್ತಹೀನತೆಯೆಲ್ಲ ಇದೇ ಎಂದು ತಿಳಿಯಬಾರದು. ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತ ಸೋರುವುದು, ಫೋಲಿಕ್ ಆಮ್ಲದ ಕೊರತೆ, ಗುಲ್ಮದ ಊತ ಇವೂ ಕಾರಣಗಳೇ. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ ನೋಡಿದರೆ ಮುಳ್ಳುಕಣ ಕಾಣುತ್ತದೆ. ಅವು ಹೆಚ್ಚಾಗಿ ಕಂಡರೆ ಬೇನೆ ಬಹಳ ಮುಂದುವರಿದಿದೆಯೆಂದು ಅರ್ಥ. ಕಸಿಯ ವಿಚಾರವನ್ನು ವೈದ್ಯರೊಡನೆ ಮಾತಾಡಲು ತಡಮಾಡಬಾರದು.

ಅಲ್ಲಿಯವರೆಗೆ ಹೋಗದಂತೆ ತಡೆಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಕುಡಿತ ಬಿಡುವುದು, ಮೈತೂಕ ಮಿತಿಯಲ್ಲಿಡುವುದು, ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು, ಇವಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲ.