ದೋಣಿಯಲ್ಲಿದ್ದ ಅತ್ತಿಗೆ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅಂಕೋಲೆಯಿಂದ ಕೋರ್ಟು, ಆಸ್ಪತ್ರೆ ಎಂದು ಹೋದ ನಾವು ಸಂಜೆ ಅಲ್ಲಿ ಒಂದು ಗಳಿಗೆ ಕೂತು, ಮಕ್ಕಳಿಗೆ ಶೇಂಗಾ ಕೊಡಿಸಿ ಬಸ್ಸು ಹಿಡಿಯುತ್ತೇವೆ. ಕವಿ ಬಂದಿದ್ದರಂತೆ ಎನ್ನುತ್ತೇವೆ. ಆದರೆ ನಾನು ಹೇಳಹೊರಟಿದ್ದು ಕವಿಯ ವಿಷಯವಲ್ಲ, ಮುಂದೆ ಚಿತ್ರಕಾರರಾದವರ ವಿಷಯ.

1883ರಲ್ಲಿ ಬಂದಾಗ ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಕಲಕತ್ತೆಯ ಸದರ್ ಸ್ಟ್ರೀಟಿನ ಮನೆಯವರೂ ಜೊತೆಗಿದ್ದರು. ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥ, ಆತನ ಹೆಂಡತಿ ಕಾದಂಬರಿ ದೇವಿ. ಒಂದು ಸಂಜೆ ಎಲ್ಲರೂ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋದರು. ಗುಡ್ಡದ ಹಳೆಯ ಕೋಟೆ ನೋಡಿದರು, ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕೂತು ಉಂಡರು. ಬೆಳದಿಂಗಳಲ್ಲಿ ತಿರುಗಿ ಬಂದು ಅಳಿವೆಯಿಂದ ಮನೆಗೆ ಮರಳ ಮೇಲೆ ನಡೆದರು. ಗಾಳಿಮರದ ಎಲೆ ಕೂಡ ಅಲುಗುತ್ತಿರಲಿಲ್ಲ. ಇದನ್ನೆಲ್ಲ ‘ಜೀವನಸ್ಮೃತಿ’ಯಲ್ಲಿ ಅವರು ಬಣ್ಣಿಸಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದೂ ಇಲ್ಲಿಯೇ. ಅಲ್ಲಿ ಮಾಯೆ ಗೆದ್ದೆನೆಂದುಕೊಂಡ ಸನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿ ಲೋಕಕ್ಕೆ ಮರಳಿಸುತ್ತಾಳೆ.

ಆ ಬೆಳದಿಂಗಳ ಪುಟದಲ್ಲಿ ಅತ್ತಿಗೆಯ ಹೆಸರಿಲ್ಲ. ಸದರ್ ಸ್ಟ್ರೀಟಿನ ನಮ್ಮ ತಂಡ ಎಂದಷ್ಟೇ. ಒಂಬತ್ತರ ವಯಸ್ಸಿಗೆ ಮದುವೆಯಾಗಿ ಆ ದೊಡ್ಡ ಮನೆಗೆ ಬಂದವಳು ಆಕೆ, ಏಳು ವರ್ಷದ ಮೈದುನನ ಆಟದ ಜೊತೆಗಾತಿ. ಮುಂದೆ ಅವರ ಪದ್ಯಗಳ ಮೊದಲ ಓದುಗಳು, ಸುಲಭಕ್ಕೆ ಮೆಚ್ಚದವಳು. ಕಾರವಾರದಿಂದ ಮರಳಿದ ಮೇಲೆ, ಡಿಸೆಂಬರ್ 1883ರಲ್ಲಿ ರವೀಂದ್ರರ ಮದುವೆಯಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಕಾದಂಬರಿ ಜೀವ ಕಳೆದುಕೊಂಡಳು. 25 ತುಂಬಿರಲಿಲ್ಲ. ದೊಡ್ಡ ಮನೆತನಗಳು ಇಂಥದನ್ನು ಹೇಗೆ ಮುಚ್ಚುತ್ತವೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಲವತ್ತು ವರ್ಷ ಕಳೆಯಿತು. ಹಸ್ತಪ್ರತಿಯಲ್ಲಿ ಬೇಡವಾದ ಸಾಲುಗಳನ್ನು ಹೊಡೆದು ಹಾಕುವಾಗ ಟಾಗೋರರ ಲೇಖನಿ ಗೀಟಿಗೆ ಗೀಟು ಸೇರಿಸಿ ಹಕ್ಕಿ, ಮೃಗ, ಮುಖಗಳನ್ನು ಬಿಡಿಸತೊಡಗಿತು. 1924ರಲ್ಲಿ ಅರ್ಜೆಂಟೀನಾದಲ್ಲಿ ಆತಿಥ್ಯ ನೀಡಿದ ವಿಕ್ಟೋರಿಯಾ ಒಕಾಂಪೊ ಆ ‘ಪೂರವಿ’ ಪುಸ್ತಕ ಕಂಡು ಬೆರಗಾದಳು. 1930ರ ಮೇನಲ್ಲಿ ಪ್ಯಾರಿಸ್‌ನಲ್ಲಿ ಅವರ ಮೊದಲ ಪ್ರದರ್ಶನ ಏರ್ಪಡಿಸಿದವಳೂ ಅವಳೇ. (ಅದಕ್ಕೆ ತಿಂಗಳ ಹಿಂದಷ್ಟೇ ಅಂಕೋಲೆಯ ಜನ ಉಪ್ಪಿನ ಕಾಯಿದೆ ಮುರಿದಿದ್ದರು.) ಕಲಾಶಾಲೆಯಲ್ಲಿ ಕ್ರಮವಾಗಿ ಕಲಿಯದ, ಎಪ್ಪತ್ತರ ಹತ್ತಿರದ ಮುದುಕರು ಆಧುನಿಕ ಭಾರತೀಯ ಚಿತ್ರಕಲೆಗೆ ಹೊಸ ದಾರಿ ತೆರೆದರು. ಸಾಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರ!

ಅವುಗಳಲ್ಲಿ ಒಂದು ಹೆಣ್ಣುಮುಖ ಮತ್ತೆ ಮತ್ತೆ ಬರುತ್ತದೆ. ಉದ್ದ ಮೋರೆ, ತಲೆಯ ಮೇಲೆ ಸೆರಗು, ನಮ್ಮನ್ನೇ ನೋಡುವ ದೊಡ್ಡ ಕಪ್ಪು ಕಣ್ಣು. ಅದು ಕಾದಂಬರಿಯದೇ ಎನ್ನುವವರಿದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ. ತಮ್ಮ ಚಿತ್ರಗಳಿಗೆ ಹೆಸರಿಡುವುದು ಟಾಗೋರರಿಗೆ ಇಷ್ಟವಿರಲಿಲ್ಲ. ಇವಕ್ಕೂ ಇಡಲಿಲ್ಲ.