ಮಂಗನ ಕಾಯಿಲೆಯಲ್ಲಿ ಔಷಧ ನೀಡಿಕೆ

ಮಂಗನ ಕಾಯಿಲೆಯು ಉಣ್ಣೆಗಳ ಕಡಿತದಿಂದ ಹರಡುವ ವೈರಾಣು ಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿದೆ. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ಆದುದರಿಂದ ಯಾವುದನ್ನು ಕೊಡಬಾರದೆಂಬ ತಿಳಿವಳಿಕೆಯೇ ಶುಶ್ರೂಷಕರಿಗೆ ಮುಖ್ಯ.

ರೋಗಿಯಲ್ಲಿ ಪ್ಲೇಟ್‌ಲೆಟ್‌ಗಳು ಕುಸಿದು ಮೂಗು, ವಸಡುಗಳಿಂದ ರಕ್ತ ಒಸರಬಹುದು. ಆಸ್ಪಿರಿನ್ ಉಳಿದ ಪ್ಲೇಟ್‌ಲೆಟ್‌ಗಳೂ ಒಂದಕ್ಕೊಂದು ಅಂಟದಂತೆ ಮಾಡುತ್ತದೆ; ಈ ಪರಿಣಾಮ 7ರಿಂದ 10 ದಿನ ಉಳಿಯುತ್ತದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳೂ ವರ್ಜ್ಯ. ಸ್ನಾಯುವಿಗೆ ಚುಚ್ಚುಮದ್ದು ನೀಡಿದರೆ ಒಳಗೇ ರಕ್ತ ಸೋರಿ ಗಂಟಾಗಬಹುದು.

ಜ್ವರಕ್ಕೆ ವೈದ್ಯರು ಸೂಚಿಸಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ನೀಡಲಾಗುತ್ತದೆ. ವಯಸ್ಕರಲ್ಲಿ ಅದು ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ಡೋಲೋ, ಕ್ರೋಸಿನ್ ಎಂದು ಹೆಸರು ಬೇರೆಯಾದರೂ ಒಳಗಿರುವ ಔಷಧ ಇದೇ. ಮನೆಯಲ್ಲಿ ನುಂಗಿ ಬಂದ ಮಾತ್ರೆಗಳನ್ನೂ ವಿಚಾರಿಸಿ ಲೆಕ್ಕಕ್ಕೆ ಸೇರಿಸಬೇಕು.