ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಪ್ರಯಾಣ: ನಿಯಮಗಳು, ಲಸಿಕೆ ಹಾಗೂ ಗಡಿ ನಿರ್ಬಂಧಗಳು – ಸಾರ್ವಜನಿಕ ಮಾಹಿತಿ

ಪೀಠಿಕೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಿಗೆ ಪ್ರತಿ ವರ್ಷವೂ ಅಪಾರ ಸಂಖ್ಯೆಯ ಯಾತ್ರಾರ್ಥಿಗಳು ಹಾಗೂ ಪ್ರವಾಸಿಗರು ಆಗಮಿಸುತ್ತಾರೆ. ಉಚ್ಚಂಗಿದುರ್ಗ, ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ಕ್ಷೇತ್ರ, ಉಜ್ಜಿನಿ, ಮೈಲಾರ ಮತ್ತು ಕುರುವತ್ತಿ ಈ ಭಾಗದ ಪ್ರಮುಖ ಸ್ಥಳಗಳಾಗಿದ್ದು, ವಿಶ್ವ ಪರಂಪರೆಯ ತಾಣವಾದ ಹಂಪಿಯು ಇದೇ ಜಿಲ್ಲೆಯಲ್ಲಿದೆ. ಅಂತೆಯೇ ಈ ಭಾಗದ ಜನರು ದುಡಿಮೆ, ವ್ಯಾಸಂಗ ಹಾಗೂ ಚಿಕಿತ್ಸೆಗಾಗಿ ಹೊರ ಜಿಲ್ಲೆ ಮತ್ತು ಹೊರ ರಾಜ್ಯಗಳಿಗೆ ತೆರಳುತ್ತಾರೆ. 2020ರಿಂದ 2023ರವರೆಗಿನ ಕೋವಿಡ್-19ರ ಅವಧಿಯಲ್ಲಿ ಪ್ರಯಾಣದ ಮೇಲೆ ವಿಧಿಸಲಾಗಿದ್ದ ನಿರ್ಬಂಧಗಳು, ಅವುಗಳ ಹಿಂಪಡೆಯುವಿಕೆ ಹಾಗೂ ಇಂದಿಗೂ ಪಾಲಿಸಬೇಕಾದ ನಿಯಮಗಳ ವಿವರವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

1. ಕಾನೂನಿನ ಆಧಾರ

ಮುಂಬಯಿಯಲ್ಲಿ ಪ್ಲೇಗ್ ಹರಡಿದ ಸಂದರ್ಭದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಜಾರಿಗೆ ಬಂದಿತು. ಪ್ರಯಾಣಿಕರನ್ನು ತಪಾಸಣೆ ಮಾಡುವ ಹಾಗೂ ಸೋಂಕಿನ ಶಂಕೆ ಇರುವವರನ್ನು ಪ್ರತ್ಯೇಕವಾಗಿ ಇರಿಸುವ ಅಧಿಕಾರವನ್ನು ಈ ಕಾಯ್ದೆಯು ಸರ್ಕಾರಕ್ಕೆ ನೀಡಿತ್ತು. ಇದರನ್ವಯ ಕರ್ನಾಟಕ ಸರ್ಕಾರವು 2020ರ ಮಾರ್ಚ್ 11ರಂದು ಕೋವಿಡ್-19 ನಿಯಮಗಳನ್ನು ಹೊರಡಿಸಿತು. ತದನಂತರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020 ಜಾರಿಗೆ ಬಂದಿತು. ಲಾಕ್‌ಡೌನ್ ಆದೇಶಗಳನ್ನು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ ಹೊರಡಿಸಲಾಯಿತು.

ವೀಸಾ ಹಾಗೂ ಅಂತರರಾಷ್ಟ್ರೀಯ ವಿಮಾನ ಸಂಚಾರಕ್ಕೆ ಸಂಬಂಧಿಸಿದ ನಿಯಮಗಳನ್ನು ಕೇಂದ್ರ ಸರ್ಕಾರವು ರೂಪಿಸುತ್ತದೆ. ಕೋವಿಡ್ ಅವಧಿಯಲ್ಲಿ ರಾಜ್ಯದ ಗಡಿಯಲ್ಲಿನ ತಪಾಸಣೆ ಕುರಿತು ರಾಜ್ಯ ಸರ್ಕಾರವು, ಜಾತ್ರೆ, ಸಂತೆ ಮತ್ತು ಸ್ಥಳೀಯ ಸಂಚಾರದ ಕುರಿತು ಜಿಲ್ಲಾಡಳಿತವು ಆದೇಶ ಹೊರಡಿಸುತ್ತಿದ್ದವು. ಒಂದು ಹಂತದ ಸಡಿಲಿಕೆಯು ಮತ್ತೊಂದು ಹಂತದ ನಿರ್ಬಂಧವನ್ನು ತಾನಾಗಿಯೇ ರದ್ದುಪಡಿಸುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

2. ನಿರ್ಬಂಧಗಳ ಮುಖ್ಯ ಹಂತಗಳು

* 2020ರ ಮಾರ್ಚ್ 13: ಪ್ರವಾಸಿ ವೀಸಾಗಳ ಅಮಾನತು.
* 2020ರ ಮಾರ್ಚ್ 17: ಹಂಪಿಯೂ ಸೇರಿದಂತೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ ಪ್ರವೇಶ ಸ್ಥಗಿತ.
* 2020ರ ಮಾರ್ಚ್ 25: ದೇಶದಾದ್ಯಂತ ಲಾಕ್‌ಡೌನ್ ಆರಂಭ.
* 2020ರ ಮೇ 19: ರಾಜ್ಯದೊಳಗೆ ಸರ್ಕಾರಿ ಬಸ್ ಸಂಚಾರ ಪುನರಾರಂಭ.
* 2020ರ ಜುಲೈ 6: ಸ್ಥಳೀಯ ಆಡಳಿತದ ತೀರ್ಮಾನಕ್ಕೆ ಒಳಪಟ್ಟು ಸ್ಮಾರಕಗಳನ್ನು ತೆರೆಯಲು ಅನುಮತಿ.
* 2020ರ ಆಗಸ್ಟ್ 24: ಹೊರ ರಾಜ್ಯದಿಂದ ಬರುವವರಿಗೆ ಸೇವಾ ಸಿಂಧು ನೋಂದಣಿ, ಗಡಿ ತಪಾಸಣೆ, ಕೈಗೆ ಮುದ್ರೆ ಹಾಗೂ ಕ್ವಾರಂಟೈನ್ ರದ್ದು.
* 2021ರ ಏಪ್ರಿಲ್ 16ರಿಂದ ಜೂನ್ 15: ಎರಡನೇ ಅಲೆಯ ಕಾರಣ ಸ್ಮಾರಕಗಳು ಪುನಃ ಬಂದ್.
* 2021ರ ಮೇ 10: ರಾಜ್ಯದಲ್ಲಿ ಕಠಿಣ ಲಾಕ್‌ಡೌನ್, ತುರ್ತು ಕಾರಣಗಳ ಹೊರತು ಅಂತರ ಜಿಲ್ಲಾ ಸಂಚಾರಕ್ಕೆ ನಿರ್ಬಂಧ.
* 2021ರ ನವೆಂಬರ್ 15: ಸಾಮಾನ್ಯ ವಿಮಾನಗಳಲ್ಲಿ ಬರುವ ವಿದೇಶಿ ಪ್ರವಾಸಿಗರಿಗೆ ಅವಕಾಶ.
* 2022ರ ಮಾರ್ಚ್ 27: ನಿಗದಿತ ಅಂತರರಾಷ್ಟ್ರೀಯ ವಿಮಾನಗಳ ಪುನರಾರಂಭ.

ಅರಸೀಕೆರೆ ಹೋಬಳಿಯ ಜನರಿಗೆ ಅಂತರ ಜಿಲ್ಲಾ ನಿರ್ಬಂಧವು ವಿಶೇಷವಾಗಿ ಬಾಧಿಸುವಂತಹುದಾಗಿತ್ತು. ಹರಪನಹಳ್ಳಿ ತಾಲ್ಲೂಕು 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದು, ತರುವಾಯ ಬಳ್ಳಾರಿ ಜಿಲ್ಲೆಗೆ, 2021ರಲ್ಲಿ ನೂತನ ವಿಜಯನಗರ ಜಿಲ್ಲೆಗೆ ಸೇರಿತು. ಆದರೆ ಈ ಭಾಗಕ್ಕೆ ಸಮೀಪದ ದೊಡ್ಡ ನಗರ ಇಂದಿಗೂ ದಾವಣಗೆರೆಯೇ. ಆದ್ದರಿಂದ ಮೊದಲು ಸ್ವಂತ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವಂತಿದ್ದ ಪ್ರಯಾಣವು ಕೋವಿಡ್ ಕಾಲದಲ್ಲಿ ಅಂತರ ಜಿಲ್ಲಾ ಪ್ರಯಾಣವಾಗಿ ಪರಿಗಣಿತವಾಯಿತು.

3. ರಾಜ್ಯದ ಗಡಿ: ತಲಪಾಡಿಯ ನಿದರ್ಶನ

ಗಡಿ ನಿರ್ಬಂಧವು ರೋಗಿಗಳ ಮೇಲೆ ಬೀರುವ ಪರಿಣಾಮಕ್ಕೆ ಕಾಸರಗೋಡು ಹಾಗೂ ಮಂಗಳೂರಿನ ನಡುವಣ ತಲಪಾಡಿಯು ನಿದರ್ಶನವಾಗಿದೆ. ಕಾಸರಗೋಡು ಜಿಲ್ಲೆಯ ಜನರು, ಅವರಲ್ಲೂ ಗಡಿಭಾಗದ ಕನ್ನಡಿಗರು, ಚಿಕಿತ್ಸೆಗೆ ಮಂಗಳೂರಿನ ಆಸ್ಪತ್ರೆಗಳನ್ನೇ ಅವಲಂಬಿಸಿದ್ದರು. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ರೋಗಿಗಳು ಮೃತಪಟ್ಟ ಪ್ರಕರಣಗಳು ವರದಿಯಾದವು. ವಿಷಯವು ಕೇರಳ ಉಚ್ಚ ನ್ಯಾಯಾಲಯ ಹಾಗೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2020ರ ಏಪ್ರಿಲ್‌ನಲ್ಲಿ ತುರ್ತು ಚಿಕಿತ್ಸೆ ಅಗತ್ಯವಿರುವ ರೋಗಿಗಳ ಪ್ರವೇಶಕ್ಕೆ ಕಾರ್ಯವಿಧಾನವನ್ನು ನಿಗದಿಪಡಿಸಲಾಯಿತು.

ಲಸಿಕೆ ದೊರೆತ ಮೇಲೂ ಗಡಿ ನಿಯಮಗಳು ಬದಲಾಗುತ್ತಲೇ ಇದ್ದವು. 2021ರ ಫೆಬ್ರವರಿಯಲ್ಲಿ ಕೇರಳ ಹಾಗೂ ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯನ್ನು ಕಡ್ಡಾಯಗೊಳಿಸಲಾಯಿತು. ಅದೇ ವರ್ಷದ ಜುಲೈ 31ರ ಸುತ್ತೋಲೆಯಂತೆ ಲಸಿಕೆ ಪಡೆದವರೂ ಈ ವರದಿಯನ್ನು ಹಾಜರುಪಡಿಸಬೇಕಾಗಿತ್ತು. ಕೇರಳ ಮತ್ತು ಗೋವಾದಿಂದ ಬರುವವರಿಗೆ 2022ರ ಫೆಬ್ರವರಿಯಲ್ಲಿ ವಿನಾಯಿತಿ ದೊರೆಯಿತು.

4. ಲಸಿಕೆ ಮತ್ತು ಪ್ರಮಾಣಪತ್ರ

ದೇಶದಲ್ಲಿ ಕೋವಿಡ್ ಲಸಿಕಾ ಕಾರ್ಯಕ್ರಮವು 2021ರ ಜನವರಿ 16ರಂದು ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಕೋವಿಶೀಲ್ಡ್ ಲಸಿಕೆಗೆ 2021ರ ಫೆಬ್ರವರಿಯಲ್ಲಿ ಹಾಗೂ ಕೋವ್ಯಾಕ್ಸಿನ್‌ಗೆ ಅದೇ ವರ್ಷದ ನವೆಂಬರ್ 3ರಂದು ತುರ್ತು ಬಳಕೆಯ ಮಾನ್ಯತೆ ನೀಡಿತು. ಈ ಅಂತರದ ಅವಧಿಯಲ್ಲಿ ಕೋವ್ಯಾಕ್ಸಿನ್ ಪಡೆದವರು ಅನೇಕ ದೇಶಗಳ ಪ್ರವೇಶಕ್ಕೆ ತೊಂದರೆ ಅನುಭವಿಸಿದರು. ಲಸಿಕೆ ಪಡೆದಿರುವುದು ಹಾಗೂ ಆ ಲಸಿಕೆಯನ್ನು ಗಮ್ಯ ದೇಶವು ಮಾನ್ಯ ಮಾಡುವುದು ಎರಡೂ ಬೇರೆ ಬೇರೆ ವಿಷಯಗಳು. ವಿದೇಶಕ್ಕೆ ತೆರಳುವವರ ಅನುಕೂಲಕ್ಕಾಗಿ ಕೋವಿನ್ ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆಯನ್ನು ಸೇರಿಸಲು ಅವಕಾಶ ಕಲ್ಪಿಸಲಾಗಿತ್ತು.

5. ಪ್ರಸ್ತುತ ಸ್ಥಿತಿ

ವಿದೇಶದಿಂದ ಬರುವವರ ಏರ್ ಸುವಿಧಾ ಸ್ವಯಂ ಘೋಷಣೆಯನ್ನು 2022ರ ನವೆಂಬರ್ 22ರಿಂದ ಕೈಬಿಡಲಾಯಿತು. 2023ರ ಜನವರಿಯಲ್ಲಿ ಚೀನಾ, ಜಪಾನ್ ಮುಂತಾದ ಕೆಲವು ದೇಶಗಳಿಂದ ಬರುವವರಿಗೆ ಅದನ್ನು ಮತ್ತೆ ವಿಧಿಸಿ, ಫೆಬ್ರವರಿಯಲ್ಲಿ ಹಿಂಪಡೆಯಲಾಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕುರಿತ ಜಾಗತಿಕ ತುರ್ತು ಸ್ಥಿತಿಯ ಅಂತ್ಯವನ್ನು ಘೋಷಿಸಿತು. ಕೋವಿಡ್ ಕಾಲದ ಗಡಿ ತಪಾಸಣೆ, ಪರೀಕ್ಷಾ ವರದಿ ಹಾಗೂ ಕ್ವಾರಂಟೈನ್ ಷರತ್ತುಗಳು ಈಗ ಜಾರಿಯಲ್ಲಿಲ್ಲ.

ಆದರೆ ಹಳದಿ ಜ್ವರಕ್ಕೆ ಸಂಬಂಧಿಸಿದ ನಿಯಮವು ಇಂದಿಗೂ ಜಾರಿಯಲ್ಲಿದೆ. ಆಫ್ರಿಕಾ ಹಾಗೂ ದಕ್ಷಿಣ ಅಮೆರಿಕ ಖಂಡಗಳ ಹಳದಿ ಜ್ವರ ಪೀಡಿತ ದೇಶಗಳಿಂದ ಭಾರತಕ್ಕೆ ಬರುವವರು, ಭಾರತೀಯರೂ ಸೇರಿದಂತೆ, ಲಸಿಕಾ ಪ್ರಮಾಣಪತ್ರವನ್ನು ಹೊಂದಿರಬೇಕು. ಪ್ರಮಾಣಪತ್ರವು ಲಸಿಕೆ ಪಡೆದ 10 ದಿನಗಳ ನಂತರ ಊರ್ಜಿತಕ್ಕೆ ಬರುತ್ತದೆ. 2016ರ ಜುಲೈ 11ರಿಂದ ಇದು ಜೀವಿತಾವಧಿಗೆ ಮಾನ್ಯವಾಗಿದೆ. ಪ್ರಮಾಣಪತ್ರ ಇಲ್ಲದವರನ್ನು 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇರಿಸಲು ಅವಕಾಶವಿದೆ. ಈ ಲಸಿಕೆಯು ಸರ್ಕಾರವು ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ.

2023ರ ಏಪ್ರಿಲ್‌ನಲ್ಲಿ ಸುಡಾನ್‌ನ ಸಂಘರ್ಷದಲ್ಲಿ ಸಿಲುಕಿದ್ದ ಭಾರತೀಯರನ್ನು ಆಪರೇಷನ್ ಕಾವೇರಿಯ ಮೂಲಕ ಕರೆತರಲಾಯಿತು. ದಾವಣಗೆರೆ ಹಾಗೂ ಶಿವಮೊಗ್ಗ ಜಿಲ್ಲೆಗಳ ಹಕ್ಕಿಪಿಕ್ಕಿ ಸಮುದಾಯದವರೂ ಅವರಲ್ಲಿದ್ದರು. ಬೆಂಗಳೂರಿಗೆ ಬಂದಿಳಿದವರ ಪೈಕಿ ಈ ಪ್ರಮಾಣಪತ್ರ ಇಲ್ಲದ ಕೆಲವರು ಮನೆಗೆ ತೆರಳುವ ಮುನ್ನ ಕ್ವಾರಂಟೈನ್‌ನಲ್ಲಿ ಇರಬೇಕಾಯಿತು.

6. ಸಾರ್ವಜನಿಕರಿಗೆ ಸೂಚನೆಗಳು

1) ಯಾವುದೇ ನಿರ್ಬಂಧದ ಆದೇಶವನ್ನು ಓದುವಾಗ ಹೊರಡಿಸಿದ ಪ್ರಾಧಿಕಾರ, ಜಾರಿಯ ಅವಧಿ ಹಾಗೂ ವಿನಾಯಿತಿಗಳನ್ನು ಕಡ್ಡಾಯವಾಗಿ ಗಮನಿಸುವುದು.

2) ಲಸಿಕಾ ಪ್ರಮಾಣಪತ್ರಗಳ ಮುದ್ರಿತ ಪ್ರತಿಯನ್ನು ಪಾಸ್‌ಪೋರ್ಟ್‌ನೊಂದಿಗೆ ಜೋಪಾನವಾಗಿ ಇರಿಸುವುದು. ಎರಡರಲ್ಲಿಯೂ ಹೆಸರು ಹಾಗೂ ಜನ್ಮ ದಿನಾಂಕ ಒಂದೇ ರೀತಿ ಇರಬೇಕು.

3) ಹಾಸನ ಜಿಲ್ಲೆಯಲ್ಲಿಯೂ ಅರಸೀಕೆರೆ ಎಂಬ ತಾಲ್ಲೂಕು ಇರುವುದರಿಂದ ಅರ್ಜಿಗಳಲ್ಲಿ ಹರಪನಹಳ್ಳಿ ತಾಲ್ಲೂಕು, ವಿಜಯನಗರ ಜಿಲ್ಲೆ ಎಂದು ಪೂರ್ಣವಾಗಿ ನಮೂದಿಸುವುದು.

4) ಮುಂದೆ ನಿರ್ಬಂಧ ಜಾರಿಯಾದಲ್ಲಿ, ನಿಯಮಿತ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರ ಚೀಟಿ ಹಾಗೂ ಆಸ್ಪತ್ರೆಯ ದಾಖಲೆಗಳನ್ನು ಜೊತೆಯಲ್ಲಿ ಒಯ್ಯುವುದು. ಚೆಕ್‌ಪೋಸ್ಟ್‌ನಲ್ಲಿ ತುರ್ತು ಚಿಕಿತ್ಸೆಯ ವಿನಾಯಿತಿ ಕೋರಲು ಇವೇ ಆಧಾರವಾಗುತ್ತವೆ.

5) ಕೋವಿಡ್ ಅವಧಿಯ ಹಳೆಯ ಆದೇಶಗಳು ಮೊಬೈಲ್‌ನಲ್ಲಿ ಹರಿದಾಡಿದಲ್ಲಿ, ದಿನಾಂಕವನ್ನು ಪರಿಶೀಲಿಸದೆ ಇತರರಿಗೆ ಕಳುಹಿಸಬಾರದು.